ನೋವಿನ ದಿನ ತೀರ್ಮಾನ ಬೇಡ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಮೂರು ದಿನಗಳಾದವು. ಒಂದೂವರೆ ವರ್ಷದಿಂದ ಮಾಡುತ್ತಿರುವ ಪ್ರಯೋಗವು ಪ್ರತಿ ಸಲವೂ ಬೇರೆಯದೇ ಫಲಿತಾಂಶ ಕೊಡುತ್ತಿರುವುದು, ನಿನ್ನ ಜೊತೆಗೇ ಸೇರಿದವರ ಲೇಖನಗಳು ಆಗಲೇ ಪ್ರಕಟವಾಗತೊಡಗಿರುವುದು, ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೇ ಎದೆ ಭಾರವಾಗುವುದು, ಇದನ್ನೆಲ್ಲ ನೀನು ಮುಚ್ಚುಮರೆಯಿಲ್ಲದೆ ಬರೆದಿದ್ದೀಯೆ. ಸಂಶೋಧನೆಯನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯೆ. ಈ ಮಾತನ್ನು ಒಳಗೇ ಇಟ್ಟುಕೊಂಡಿದ್ದರೆ ನನಗೆ ಹೆಚ್ಚು ಚಿಂತೆಯಾಗುತ್ತಿತ್ತು.

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಬರೆದು ನಾನು ಪತ್ರ ಮುಗಿಸಬಹುದಿತ್ತು. ಆ ಮಾತಿನಲ್ಲಿ ನನಗೆ ನಂಬಿಕೆಯಿದೆ. ಆದರೆ ಏನನ್ನು ತಾಳಬೇಕು, ಯಾವುದನ್ನು ತಾಳಬಾರದು ಎಂಬುದನ್ನು ಗಾದೆ ಹೇಳುವುದಿಲ್ಲ. ನಿನ್ನ ಪ್ರಶ್ನೆ ಇರುವುದು ಅಲ್ಲಿಯೇ. ಅದನ್ನು ನಾನು ಕಲಿತದ್ದು ತಡವಾಗಿ, ಅದೂ ಕಾಲು ಮುರಿದುಕೊಂಡ ಮೇಲೆ.

ನನ್ನ ಮೊಣಕಾಲಿನ ಚಿಪ್ಪು ಒಡೆದಾಗ ನೀನಿನ್ನೂ ತೀರ ಚಿಕ್ಕವನು, ನೆನಪಿರಲಾರದು. ಆರು ವಾರಗಳ ನಂತರ ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿತ್ತು, ಕಾಲು ಮಾತ್ರ ಮರದ ದಿಮ್ಮಿಯಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಅದನ್ನು ಮತ್ತೆ ಮಡಚುವುದಕ್ಕೆ ವ್ಯಾಯಾಮ ಕಲಿಸಲು ಬಂದ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಒಂದು ವ್ಯತ್ಯಾಸವನ್ನು ವಿವರಿಸಿದರು. ಬಿಗಿದ ಕೀಲನ್ನು ಬಗ್ಗಿಸುವಾಗ ಆಗುವ ಎಳೆತದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಬಹುಕಾಲ ಕೆಲಸವಿಲ್ಲದೆ ಇದ್ದ ಸ್ನಾಯುವಿಗೆ ಕೆಲಸ ಕೊಟ್ಟಾಗ ಆಗುವ ಮೈಕೈ ನೋವು ಒಂದೆರಡು ದಿನ ಹೆಚ್ಚಿ ತಾನಾಗಿಯೇ ಹೋಗುತ್ತದೆ. ಆದರೆ ಚುಚ್ಚಿದಂತೆ ಆಗುವ ನೋವು, ಮರುದಿನವೂ ಇಳಿಯದ ಊತ, ಕೀಲಿನ ಬಿಸಿ, ಇವು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ನಾನು ತಲೆಯಾಡಿಸಿದೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಎರಡು ವಾರ ಸ್ವಲ್ಪ ಎಳೆದರೂ ಸಾಕು, ನಿಲ್ಲಿಸಿಬಿಡುತ್ತಿದ್ದೆ. ಕಾಲು ಇದ್ದಲ್ಲೇ ಇತ್ತು. ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂದು, ಒಂದು ಮಧ್ಯಾಹ್ನ ಹಲ್ಲು ಕಚ್ಚಿಕೊಂಡು ಮೂರು ದಿನದ ವ್ಯಾಯಾಮವನ್ನು ಒಂದೇ ಸಲಕ್ಕೆ ಮಾಡಿದೆ. ಮೊಣಕಾಲು ಊದಿ ಹತ್ತು ದಿನ ಹಾಸಿಗೆಯಲ್ಲೇ ಕಳೆಯಬೇಕಾಯಿತು. ಹೆದರಿಕೆಯಿಂದ ನಿಲ್ಲಿಸಿದ್ದೂ ಹಟದಿಂದ ಮುನ್ನುಗ್ಗಿದ್ದೂ ಒಂದೇ ತಪ್ಪಿನಿಂದ ಹುಟ್ಟಿದ್ದವು: ನೋವು ಎಷ್ಟಿದೆ ಎಂದಷ್ಟೇ ನಾನು ನೋಡುತ್ತಿದ್ದೆ, ಯಾವ ಬಗೆಯದು ಎಂದು ನೋಡುತ್ತಿರಲಿಲ್ಲ.

ಈಗ ನಿನ್ನ ಪತ್ರವನ್ನು ಅದೇ ಕಣ್ಣಿನಿಂದ ಮತ್ತೊಮ್ಮೆ ಓದಿದ್ದೇನೆ. ಪ್ರಯೋಗ ಕೈಕೊಡುವುದು, ಮತ್ತೆ ಮೊದಲಿನಿಂದ ಆರಂಭಿಸುವುದು, ಉತ್ತರ ಸಿಗುತ್ತದೋ ಇಲ್ಲವೋ ಎಂದು ತಿಳಿಯದೆಯೇ ನಾಳೆಯ ಕೆಲಸಕ್ಕೆ ಅಣಿಯಾಗುವುದು, ಇವು ನೀನು ಆರಿಸಿಕೊಂಡ ಕೆಲಸದ ಒಳಗೇ ಇರುವ ಎಳೆತಗಳು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರೂ ಸಂಶೋಧನೆ ಎನ್ನುವುದಿಲ್ಲವಾದ್ದರಿಂದ, ಈ ಅನಿಶ್ಚಿತತೆ ನಿನ್ನ ಅಸಾಮರ್ಥ್ಯಕ್ಕೆ ಸಾಕ್ಷಿಯಾಗಲಾರದು. ಜೊತೆಯವರ ಲೇಖನಗಳ ವಿಷಯ ಬೇರೆ. ಅವರ ಪ್ರಶ್ನೆಗಳು ಬೇರೆ, ಅವುಗಳ ಆಳ ಬೇರೆ, ಅಷ್ಟಕ್ಕೇ ಅದನ್ನು ಬಿಡು. ಆದರೆ ಪತ್ರದ ಕೊನೆಯಲ್ಲಿ, ಹೇಳಿಯೂ ಹೇಳದ ಹಾಗೆ, ಕಳೆದ ಎರಡು ತಿಂಗಳಿಂದ ರಾತ್ರಿ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆಯಿಲ್ಲ, ಊಟವನ್ನು ಆಗಾಗ ಮರೆಯುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಊತ. ಅದನ್ನು ತಾಳುವುದು ಶ್ರದ್ಧೆಯಲ್ಲ. ಈ ವಾರವೇ ವೈದ್ಯರನ್ನು ಕಾಣು, ರಾತ್ರಿಯ ಕೆಲಸ ನಿಲ್ಲಿಸು. ಅಲ್ಲಿ ಯಾರಾದರೂ ನಿನ್ನನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದರೆ ಅದನ್ನೂ ಸಹಿಸಬೇಕಾಗಿಲ್ಲ. ಹಾಗೇನಾದರೂ ಇದ್ದರೆ ನನಗೆ ತಿಳಿಸು.

ಕೈಗೆತ್ತಿಕೊಂಡದ್ದನ್ನು ಬಿಡುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಚಾರ್ಲ್ಸ್ ಡಾರ್ವಿನ್ನನ ಬದುಕನ್ನು ನೋಡು. ತಂದೆಯ ಇಚ್ಛೆಯಂತೆ ಅವನು 1825ರಲ್ಲಿ ವೈದ್ಯಕೀಯ ಕಲಿಯಲು ಎಡಿನ್‌ಬರೋಗೆ ಹೋದ. ಅರಿವಳಿಕೆ ಇನ್ನೂ ಬಳಕೆಗೆ ಬಂದಿರದ ಕಾಲ ಅದು. ಮಗುವೊಂದರ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಅರ್ಧಕ್ಕೇ ಹೊರಗೆ ಓಡಿದವನು, ಮತ್ತೆಂದೂ ಅಂಥದಕ್ಕೆ ಕಾಲಿಡಲಿಲ್ಲ. 1827ರಲ್ಲಿ ಆ ಓದನ್ನೇ ಬಿಟ್ಟ. ಅದೇ ಮನುಷ್ಯ 1831ರ ಡಿಸೆಂಬರಿನಲ್ಲಿ ‘ಬೀಗಲ್’ ಹಡಗು ಹತ್ತಿದ. ಎರಡು ವರ್ಷವೆಂದು ಅಂದುಕೊಂಡಿದ್ದ ಯಾನ ಮುಗಿಯುವ ಹೊತ್ತಿಗೆ 1836ರ ಅಕ್ಟೋಬರ್ ಬಂದಿತ್ತು. ಅಷ್ಟು ಕಾಲವೂ ಕಡಲಿನ ಓಕರಿಕೆ ಅವನನ್ನು ಬಿಡಲಿಲ್ಲ. ಅಲೆ ಎದ್ದಾಗಲೆಲ್ಲ ಕೆಲಸ ನಿಲ್ಲಿಸಿ ಮಲಗಬೇಕಾಗುತ್ತಿತ್ತು. ದಡ ಸಿಕ್ಕಲ್ಲೆಲ್ಲ ಇಳಿದು ಮನೆಯ ದಾರಿ ಹಿಡಿಯಬಹುದಿತ್ತು. ಇಳಿದ, ಕಲ್ಲು, ಗಿಡ, ಪ್ರಾಣಿಗಳನ್ನು ಸಂಗ್ರಹಿಸಿದ, ಮತ್ತೆ ಅದೇ ಓಕರಿಕೆಗೆ ಹಡಗು ಹತ್ತಿದ.

ಒಂದು ಕಡೆ ಎರಡು ವರ್ಷಕ್ಕೆ ಬಿಟ್ಟವನು ಇನ್ನೊಂದು ಕಡೆ ಐದು ವರ್ಷ ಹೇಗೆ ನಿಂತ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಹಡಗಿನ ಸಂಕಟ ಮೈಗೆ ಸಂಬಂಧಿಸಿದ್ದು, ದಡದಲ್ಲಿ ಕಾಣಸಿಗುತ್ತಿದ್ದುದರ ಮೇಲಿನ ಆಸೆಯನ್ನು ಅದು ಮುಟ್ಟಲಿಲ್ಲ ಎಂದು ನನಗನ್ನಿಸುತ್ತದೆ. ಆಸ್ಪತ್ರೆಯಲ್ಲಿ ಅಂಥ ಆಸೆ ಮೊದಲಿನಿಂದಲೂ ಇರಲಿಲ್ಲ. ಆದ್ದರಿಂದ ನಿನಗೆ ನಾನು ಕೇಳುವುದಿಷ್ಟು: ಪ್ರಯೋಗ ಸರಿಹೋದ ದಿನವೊಂದನ್ನು ಕಲ್ಪಿಸಿಕೊಂಡಾಗ, ಮರುದಿನ ಮುಂದಿನ ಪ್ರಶ್ನೆಯತ್ತ ಹೋಗಬೇಕೆನಿಸುತ್ತದೆಯೇ, ಅಥವಾ ಸದ್ಯ ಮುಗಿಯಿತಲ್ಲ ಎಂಬ ನಿಟ್ಟುಸಿರು ಮಾತ್ರ ಬರುತ್ತದೆಯೇ? ಇದಕ್ಕೆ ಪ್ರಾಮಾಣಿಕ ಉತ್ತರ ನಿನ್ನೊಬ್ಬನಿಂದಲೇ ಸಾಧ್ಯ. ಎರಡನೆಯದಾದರೆ ನೀನು ಬಿಟ್ಟರೂ ನಾನು ನಿನ್ನ ಪರವಾಗಿ ನಿಲ್ಲುತ್ತೇನೆ, ನಿನ್ನ ಅಪ್ಪನಿಗೆ ಹೇಳುವ ಹೊಣೆಯೂ ನನ್ನದು.

ಆದರೆ ಆ ಉತ್ತರವನ್ನು ಪ್ರಯೋಗ ಕೆಟ್ಟ ಸಂಜೆ ಹುಡುಕಬೇಡ. ನೋವಿನಲ್ಲಿರುವ ಮನಸ್ಸಿಗೆ ನೋವು ನಿಲ್ಲುವುದೊಂದೇ ಬೇಕಾಗಿರುತ್ತದೆ. ಆಗ ಅದು ಕೊಡುವ ಕಾರಣಗಳು ಎಷ್ಟೇ ಸರಿಯಾಗಿ ಕಂಡರೂ ಅವುಗಳ ಬೆನ್ನ ಹಿಂದೆ ಆ ಒಂದೇ ಬೇಡಿಕೆ ಇರುತ್ತದೆ. ಮೂರು ತಿಂಗಳ ನಂತರದ ಒಂದು ದಿನಾಂಕವನ್ನು ಈಗಲೇ ಗೊತ್ತುಮಾಡಿಕೋ. ಯಾವ ಯಾವ ಸಂಗತಿಗಳು ಆ ಹೊತ್ತಿಗೂ ಬದಲಾಗದಿದ್ದರೆ ಬಿಡುವುದು ಸರಿ ಎಂದು ಇಂದೇ, ಮನಸ್ಸು ತಿಳಿಯಾಗಿರುವ ಒಂದು ಗಂಟೆಯಲ್ಲಿ, ಬರೆದಿಡು. ಅಲ್ಲಿಯವರೆಗೆ ಬಿಡುವ ಪ್ರಶ್ನೆಯನ್ನು ದಿನಾ ಬೆಳಿಗ್ಗೆ ಹೊಸದಾಗಿ ಕೈಗೆತ್ತಿಕೊಳ್ಳಬೇಡ. ಕೆಲಸಕ್ಕಿಂತಲೂ, ದಿನವೂ ಇರಲೋ ಹೋಗಲೋ ಎಂದು ತನ್ನೊಳಗೇ ವಾದಿಸಿಕೊಳ್ಳುವುದರಲ್ಲಿಯೇ ಮನುಷ್ಯ ಹೆಚ್ಚು ದಣಿಯುತ್ತಾನೆ. ಇದನ್ನು ನಾನು ನನ್ನ ಮೇಲೆಯೇ ಕಂಡಿದ್ದೇನೆ.

ಈ ಮೂರು ತಿಂಗಳಲ್ಲಿ ದಿನಕ್ಕೆ ಇಷ್ಟು ಎಂದು ಚಿಕ್ಕದೊಂದು ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡು: ಹಿಂದಿನ ದಿನದ ಪ್ರಯೋಗದಲ್ಲಿ ಏನೇನು ಬದಲಾಗಿತ್ತು ಎಂದು ಅರ್ಧ ಗಂಟೆ ಬರೆದರೂ ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ಕೆಲಸವೊಂದು ತಾನಾಗಿಯೇ ನಡೆಯುವ ಅಭ್ಯಾಸವಾಗಲು ಹಿಡಿಯುವ ಕಾಲದ ಮಧ್ಯಮ ಲೆಕ್ಕ 66 ದಿನ ಎಂದು ಕಂಡುಬಂತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜೂ ಇತ್ತು. ನನಗೆ ಹೆಚ್ಚು ಹಿಡಿಸಿದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗುವುದಿಲ್ಲ. ನಿನ್ನ ಸ್ವಭಾವ ನನಗೆ ಗೊತ್ತು. ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಪುಸ್ತಕ ಮುಚ್ಚಿಡುವವನು ನೀನು, ಹಾಗೆ ಮುಚ್ಚಿಡಬೇಡ. ಡಾರ್ವಿನ್ ಹಡಗಿನಿಂದ ಬಂದು ಹತ್ತು ವರ್ಷಗಳ ಮೇಲೆ, ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳ ಅಧ್ಯಯನಕ್ಕೆ ಕುಳಿತು, 1846ರಿಂದ 1854ರವರೆಗೆ ಎಂಟು ವರ್ಷ ಅದನ್ನೇ ಮಾಡಿದ. ಅದರಲ್ಲಿ ಸುಮಾರು ಎರಡು ವರ್ಷ ಕಾಯಿಲೆಗೇ ಹೋಯಿತೆಂದು ಅವನೇ ಲೆಕ್ಕವಿಟ್ಟಿದ್ದಾನೆ. ಅಷ್ಟು ಕಾಲ ಕೊಡುವಷ್ಟು ಬೆಲೆ ಆ ಕೆಲಸಕ್ಕಿತ್ತೇ ಎಂದು ಕೊನೆಗಾಲದಲ್ಲಿ ಅವನಿಗೇ ಸಂಶಯ ಬಂದದ್ದೂ ಉಂಟು. ಅಂಥವನಿಗೂ ಸಂಶಯ ಬಂದಿತೆಂಬುದು ನಿನಗೆ ಧೈರ್ಯ ಕೊಡಲಿ ಎಂದೇ ಇದನ್ನು ಮರೆಮಾಚದೆ ಬರೆದೆ.

ಇನ್ನೊಂದು ಮಾತು ಉಳಿದಿದೆ. ಮಾರ್ಗದರ್ಶಕರಿಗೆ ಮುಖ ತೋರಿಸಲು ನಾಚಿಕೆಯಾಗುತ್ತದೆ, ಆದ್ದರಿಂದ ಒಂದು ತಿಂಗಳಿಂದ ಅವರನ್ನು ಕಂಡಿಲ್ಲ ಎಂದಿದ್ದೀಯೆ. ಫಲಿತಾಂಶ ಬಂದ ಮೇಲೆ ಹೋಗುವೆನೆಂದು ಕಾಯಬೇಡ. ಕೆಟ್ಟ ಪ್ರಯೋಗಗಳ ದಾಖಲೆಯನ್ನೇ ಹಿಡಿದುಕೊಂಡು ಸೋಮವಾರ ಹೋಗು. ಒಂದೇ ಪ್ರಯೋಗ ಹತ್ತು ರೀತಿಯಲ್ಲಿ ಕೆಟ್ಟಿದ್ದರೆ, ಆ ಹತ್ತರಲ್ಲಿ ಸಮಾನವಾದದ್ದು ಏನೆಂದು ಹೊರಗಿನ ಕಣ್ಣಿಗೆ ಬೇಗ ಕಾಣಬಹುದು. ನನ್ನ ಮೊಣಕಾಲಿನ ಊತವನ್ನೂ ನಾನು ಎರಡು ದಿನ ಬಚ್ಚಿಟ್ಟಿದ್ದೆ, ಮೂರನೆಯ ದಿನ ತೋರಿಸಿದಾಗ ಫಿಸಿಯೋಥೆರಪಿಸ್ಟ್ ಗದರಲಿಲ್ಲ. ವ್ಯಾಯಾಮದ ಕ್ರಮವನ್ನು ಬದಲಿಸಿಕೊಟ್ಟರು.

ಮಾರ್ಗದರ್ಶಕರನ್ನು ಕಂಡು ಬಂದ ದಿನ ನನಗೆ ನಾಲ್ಕು ಸಾಲು ಬರೆ. ಏನಾಯಿತು, ರಾತ್ರಿ ಎಷ್ಟು ಹೊತ್ತು ಮಲಗಿದೆ, ಇಷ್ಟಿದ್ದರೆ ಸಾಕು.

ಇಂತಿ,
ನಿನ್ನ ದೊಡ್ಡಪ್ಪ