ಅಕ್ಕಿಕಾಳಿನಷ್ಟು ಸರಿಯುವ ಕಲ್ಲು

ಹಾಸನ

ಪ್ರೀತಿಯ ಗೆಳೆಯ,

ನಿನ್ನ ಕಥೆ ಓದಿದೆ. ಹಾಸನಾಂಬೆಯ ಗುಡಿಯ ಸೊಸೆಕಲ್ಲನ್ನು ಆರಿಸಿಕೊಂಡೆಯಲ್ಲ, ಅದು ತುಂಬಾ ಖುಷಿಯಾಯಿತು. ದರ್ಶನದ ಸಾಲು, ಆ ನೂಕುನುಗ್ಗಲು, ಬೆಳಗಿನ ಜಾವದ ಚಳಿ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಕೊನೆಯಲ್ಲಿ ನಿನ್ನ ನಾಯಕ ಟೇಪು ಹಿಡಿದು ಕಲ್ಲಿನಿಂದ ದೇವಿಯ ಪಾದದವರೆಗೆ ಅಳೆಯುತ್ತಾನೆ. ಮರುವರ್ಷ ಬಂದು ಮತ್ತೆ ಅಳೆಯುತ್ತಾನೆ. ಕಲ್ಲು ಸರಿದಿಲ್ಲ. ಕಥೆ ಮುಗಿಯಿತು. ನನ್ನ ತಕರಾರು ಇರುವುದು ಅಲ್ಲೇ.

ಕಲ್ಲು ಸರಿಯುತ್ತದೆ ಎಂದು ನಾನು ವಾದಿಸಲು ಬರುವುದಿಲ್ಲ. ನಿನ್ನ ನಾಯಕನ ಅಳತೆ ಸರಿಯೇ ಇದೆ. ಆದರೆ ಅವನು ಕಲ್ಲನ್ನು ಅಳೆದ, ಕಥೆಯನ್ನು ಮುಟ್ಟಲೇ ಇಲ್ಲ.

ಜನ ಹೇಳುವುದನ್ನೇ ಇನ್ನೊಮ್ಮೆ ನೋಡು. ಒಬ್ಬ ಸೊಸೆ ದಿನಾ ದೇವಿಯ ದರ್ಶನಕ್ಕೆ ಬರುತ್ತಾಳೆ. ಅತ್ತೆಗೆ ಸೇರುವುದಿಲ್ಲ. ಹಿಂದೆಯೇ ಬಂದು ದೇವಿಯ ಎದುರಿಗೇ ಸೊಸೆಯ ತಲೆಗೆ ಹೊಡೆಯುತ್ತಾಳೆ. ಸೊಸೆ ‘ಅಮ್ಮಾ’ ಎಂದು ಕೂಗುತ್ತಾಳೆ. ದೇವಿ ಅವಳನ್ನು ಕಲ್ಲಾಗಿಸಿ ತನ್ನೆದುರೇ ಇಟ್ಟುಕೊಳ್ಳುತ್ತಾಳೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

ಒಂದು ಮನೆಯ ಅತ್ತೆ-ಸೊಸೆ ಜಗಳಕ್ಕೆ ಇಡೀ ಯುಗದ ಲೆಕ್ಕ ಕಟ್ಟಿದ್ದಾರೆ ನಮ್ಮ ಜನ. ಆ ಏಟಿನ ದೂರು ಯಾವ ಪಂಚಾಯಿತಿಗೂ ಹೋಗುತ್ತಿರಲಿಲ್ಲ. ತವರಿನಲ್ಲಿ ಹೇಳಿದರೂ ‘ಹೊಂದಿಕೊಂಡು ಹೋಗು’ ಅನ್ನುತ್ತಿದ್ದರು, ಅಲ್ವಾ? ಯಾರೂ ಬರೆದಿಡದ ಆ ನೋವನ್ನು ಕಥೆ ಬರೆದಿಟ್ಟಿತು. ಅಳತೆಗೆ ಆರಿಸಿದ್ದೂ ಅಕ್ಕಿಕಾಳು. ಅವಳು ದಿನಾ ಕೇರಿ, ಆರಿಸಿ, ಬೇಯಿಸುತ್ತಿದ್ದ ಅಕ್ಕಿ. ನ್ಯಾಯ ಬರುತ್ತದೆ, ಆದರೆ ಇಷ್ಟು ನಿಧಾನ ಎಂದು ಹೇಳಿದವರಿಗೆ ಹೆಣ್ಣಿನ ಬದುಕು ಚೆನ್ನಾಗಿ ಗೊತ್ತಿತ್ತು. ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಗುಡಿಯ ಬಾಗಿಲು ತೆಗೆಯುತ್ತಾರೆ. ಸೊಸೆಕಲ್ಲಿನ ಕಥೆ ಗೊತ್ತಿರುವ ಎಷ್ಟೋ ಹೆಂಗಸರು ಸಾಲಿನಲ್ಲಿರುತ್ತಾರೆ. ಅವರಲ್ಲಿ ಸೊಸೆಯರೂ ಇರುತ್ತಾರೆ, ಅತ್ತೆಯರೂ ಇರುತ್ತಾರೆ. ಆ ಅತ್ತೆಯ ಮನಸ್ಸಿನಲ್ಲಿ ಏನಾಗುತ್ತದೆ? ಅಲ್ಲಿಗೆ ನಿನ್ನ ಟೇಪು ಮುಟ್ಟುವುದಿಲ್ಲ. ನಿನ್ನ ಪೆನ್ನು ಮುಟ್ಟಬಹುದು.

ಪುರಾಣ ಎಂದರೆ ಹಿಂದಿನವರ ತಪ್ಪು ವಿಜ್ಞಾನ ಎಂದು ನಿನ್ನ ಪತ್ರದಲ್ಲಿ ಬರೆದಿದ್ದೀಯ. ಮಿಂಚು, ಗ್ರಹಣ ಅರ್ಥವಾಗಲಿಲ್ಲ, ಸುಮ್ನೆ ಕಥೆ ಕಟ್ಟಿದರು ಎಂಬ ವಾದ. ಮೊದಲ ಮಹಾಯುದ್ಧದ ಕಾಲದಲ್ಲಿ ಮಾಲಿನೋವ್‌ಸ್ಕಿ ಎಂಬ ವಿದ್ವಾಂಸ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದ ಜನರ ನಡುವೆ ಬದುಕಿದ್ದ. ಅಲ್ಲಿ ಅವನು ಕಂಡದ್ದು ಬೇರೆ. ಪ್ರಕೃತಿಯನ್ನು ವಿವರಿಸಬೇಕು ಎಂಬ ಕುತೂಹಲಕ್ಕೆ ಜನ ಈ ಕಥೆಗಳನ್ನು ಹೇಳುತ್ತಿರಲಿಲ್ಲ. ಈ ನೆಲ ನಮ್ಮದು, ಈ ಪೂಜೆ ಹೀಗೇ ಆಗಬೇಕು ಎಂದು ಗಟ್ಟಿಮಾಡಲು ಹೇಳುತ್ತಿದ್ದರು. ಪುರಾಣ ಒಂದು ಸಮುದಾಯದ ಹಕ್ಕುಪತ್ರ ಎಂಬುದು ಅವನ ಮಾತಿನ ಸಾರ.

ಇದು ನಮ್ಮಲ್ಲೂ ನಿಜ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಹೋಗಿ ವಾಸಂತಿಕಾದೇವಿಯ ಗುಡಿ ನೋಡು. ಸಳ ಹುಲಿಯನ್ನು ಹೊಡೆದ ಎನ್ನುವ ಕಥೆ ಅಲ್ಲಿಯದು. ಬೇಲೂರಿನ 1117ರ ಶಾಸನದಲ್ಲಿ ಆ ಕಥೆ ಬರುತ್ತದೆ. ಅದಕ್ಕೆ ಸ್ವಲ್ಪ ಮೊದಲಷ್ಟೇ ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಆ ಗೆಲುವಿನ ನಂತರವೇ ಈ ಕಥೆಗೆ ಬಲ ಬಂತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅದು ಅರಸು ಮನೆತನದ ಹಕ್ಕುಪತ್ರ. ಕಲ್ಲಿನಲ್ಲೇ ಕೆತ್ತಿಸಿಕೊಂಡರು. ನೋಡಲು ಬಹಳ ಚೆಂದ, ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಸೊಸೆಕಲ್ಲು ಯಾರ ಹಕ್ಕುಪತ್ರ ಹೇಳು. ಮಾಲಿನೋವ್‌ಸ್ಕಿಯ ಮಾತು ನನಗೆ ಸಾಲದು ಅನ್ನಿಸುವುದು ಇಲ್ಲೇ. ಹಕ್ಕೇ ಇಲ್ಲದವರೂ ಕಥೆ ಕಟ್ಟಿದ್ದಾರೆ. ಶಾಸನ ಬಿಟ್ಟದ್ದನ್ನು ಆ ಕಥೆಗಳು ಹಿಡಿದಿಟ್ಟಿವೆ.

ಶ್ರವಣಬೆಳಗೊಳದಲ್ಲಿ ಇವೆರಡೂ ಒಂದೇ ಕಡೆ ಸಿಗುತ್ತವೆ. 58 ಅಡಿಯ ಗೊಮ್ಮಟನನ್ನು ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ. ಮಾಡಿಸಿದವನು ಅವನೇ ಎಂದು ಮೂರ್ತಿಯ ಕಾಲ ಬಳಿ ಕನ್ನಡದಲ್ಲೇ ಕೆತ್ತಿದೆ. ಜನರ ಕಥೆ ಇನ್ನೊಂದು ಇದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ಪಾದಕ್ಕೆ ಇಳಿಯಲಿಲ್ಲ. ಆಗ ಒಬ್ಬ ಬಡ ಅಜ್ಜಿ ಗುಳ್ಳಕಾಯಿಯ ಬುರುಡೆಯಲ್ಲಿ ತಂದ ಒಂದಿಷ್ಟು ಹಾಲು ಹಾಕಿದಳು. ಅದು ತಲೆಯಿಂದ ಪಾದದವರೆಗೆ ಹರಿದು ಬೆಟ್ಟಕ್ಕೂ ಇಳಿಯಿತು. ಆ ಗುಳ್ಳಕಾಯಜ್ಜಿ ಇವತ್ತಿಗೂ ಗೊಮ್ಮಟನ ಎದುರು ಕಲ್ಲಾಗಿ ನಿಂತಿದ್ದಾಳೆ. ಇಷ್ಟು ದೊಡ್ಡ ಕೆಲಸ ಮಾಡಿಸಿದವನ ಹೆಮ್ಮೆಯನ್ನು ಅವನದೇ ಧರ್ಮದ ಜನ ಒಂದು ಕಥೆಯಿಂದ ತಗ್ಗಿಸಿದರು. ಹಾಗಂತ ಅವನನ್ನು ದ್ವೇಷಿಸಲಿಲ್ಲ, ಹೆಸರನ್ನು ಅಳಿಸಲಿಲ್ಲ. ಅಜ್ಜಿಯನ್ನೂ ತಂದು ನಿಲ್ಲಿಸಿದರು, ಅಷ್ಟೆ. ಇಂಥ ವಿವೇಕ ನಮಗೆ ಬರೆಯುವಾಗ ಬಂದರೆ ಎಷ್ಟು ಚೆನ್ನ.

ಇನ್ನೊಂದು ಮಾತು ಹೇಳಲೇಬೇಕು. ಈ ಕಥೆಗಳು ಕೆಟ್ಟದ್ದನ್ನೂ ಮಾಡುತ್ತವೆ. ‘ದೇವಿ ನೋಡಿಕೊಳ್ಳುತ್ತಾಳೆ ಬಿಡು’ ಎಂದು ಅಳುವ ಹುಡುಗಿಯ ಬಾಯಿ ಮುಚ್ಚಿಸಲು ಇದೇ ಸೊಸೆಕಲ್ಲನ್ನು ತೋರಿಸಬಹುದು. ಕಥೆ ಒಂದೇ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಅದರ ಕೆಲಸ ಬದಲಾಗುತ್ತದೆ. ಹಾಗಾಗಿ ಕಥೆಯನ್ನು ಮಾತ್ರ ಬರೆದುಕೊಳ್ಳಬೇಡ. ಹೇಳಿದವರು ಯಾರು, ಎಲ್ಲಿ ದನಿ ಇಳಿಸಿದರು, ಏನನ್ನು ಬಿಟ್ಟರು, ಪಕ್ಕದಲ್ಲಿದ್ದವರು ಎಲ್ಲಿ ‘ಹಂಗಲ್ಲ, ಹಿಂಗೆ’ ಎಂದು ತಿದ್ದಿದರು, ಇವನ್ನೂ ಬರೆದುಕೋ. ಒಬ್ಬರ ಬಾಯಲ್ಲಿ ಕೇಳಿ ಸಾಕು ಎಂದುಕೊಳ್ಳಬೇಡ. ಕಥೆಯ ಯಾವ ರೂಪ ಅಸಲಿ ಪಾಠ ಎಂದು ಹುಡುಕುತ್ತಾ ಕೂರುವುದೂ ಬೇಡ. ಜಗಳವಾಡುವ ಪಾಠಗಳಲ್ಲೇ ಜನರ ಮನಸ್ಸು ಸಿಗುತ್ತದೆ. ಹಾಗೇ ನಾಯಕಿ ಅತ್ತ ಕೂಡಲೇ ಅವಳಿಗೆ ಸೀತೆಯ ಹೆಸರು ಅಂಟಿಸುವ ಅಭ್ಯಾಸ ಬಿಡು. ಈ ಕಥೆಯಲ್ಲಿ ಅದು ಜಾಸ್ತಿಯಾಗಿದೆ.

ರಜೆಯಲ್ಲಿ ಸಖರಾಯಪಟ್ಟಣಕ್ಕೆ ಹೋಗುತ್ತೀಯ ಎಂದಿದ್ದೆ. ಹಾಗಿದ್ದರೆ ಅಯ್ಯನಕೆರೆಗೂ ಹೋಗು. ಅಲ್ಲಿಯ ಕಥೆಯಲ್ಲಿ ಗಂಗಮ್ಮ ಕೆರೆ ಒಡೆದು ಹೊರಡಲು ಸಿದ್ಧಳಾಗುತ್ತಾಳೆ. ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಕೈಮುಗಿದು, ‘ನಾನು ಅರಸನಿಗೆ ತಿಳಿಸಿ ತಿರುಗಿ ಬರುವವರೆಗೆ ನಿಲ್ಲು’ ಎಂದು ಮಾತು ಪಡೆಯುತ್ತಾನೆ. ಅರಸ ಎಲ್ಲ ಕೇಳಿಸಿಕೊಂಡು ಅವನನ್ನೇ ಕೊಲ್ಲಿಸುತ್ತಾನೆ. ಅವನು ತಿರುಗಿ ಬರುವುದಿಲ್ಲ. ಗಂಗಮ್ಮ ಮಾತು ತಪ್ಪುವುದಿಲ್ಲ. ಏರಿ ನಿಂತಿದೆ, ಗದ್ದೆಗೆ ನೀರು ಹರಿಯುತ್ತಿದೆ. ಆ ನೀರು ಕುಡಿದು ಬೆಳೆದವರು ತಮ್ಮ ಅನ್ನದ ಹಿಂದೆ ಒಂದು ಕೊಲೆ ಇದೆ ಎಂದು ತಾವೇ ಹೇಳಿಕೊಂಡು ಬಂದಿದ್ದಾರೆ. ಯಾರೂ ಅವರನ್ನು ಕೇಳಿರಲಿಲ್ಲ.

ನಾನು ಕೇಳಿದ ಪಾಠದಲ್ಲಿ ನೀರುಗಂಟಿಯ ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲ. ಅಲ್ಲಿಯ ವಯಸ್ಸಾದವರ ಹತ್ತಿರ ಕೂತು ವಿಚಾರಿಸು. ಅವರ ಬಗ್ಗೆ ಯಾರಾದರೂ ಏನಾದರೂ ಹೇಳಿದರೆ, ಹೇಳಿದ ಹಾಗೆಯೇ ಬರೆದು ನನಗೆ ಕಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ