ಬೆಳಗಾವಿಯ ಟಿಳಕವಾಡಿ ಅಂಗಡಿಯ ತಾಂತ್ರಿಕ ಕಪಾಟಿಗೆ: ಗೆಳೆಯನಿಗೊಂದು ಪತ್ರ

ದೋಸ್ತ,

ಅಂಗಡ್ಯಾಗ ಕಥಿ-ಕಾದಂಬರಿ ಜೋಡಿ ವಿಜ್ಞಾನ ಮತ್ತ ತಾಂತ್ರಿಕ ಪುಸ್ತಕಕ್ಕೂ ಒಂದು ಕಪಾಟು ಇಡ್ತೀನಿ, ಹೊಸಾವು ಯಾವು ತರಸಲಿ ಅಂತ ಕೇಳೀದಿ. ಹೆಸರಿನ ಪಟ್ಟಿ ಕೊಡೂದಿಲ್ಲ. ಈ ವರ್ಷದ ಪಟ್ಟಿ ಮುಂದಿನ ವರ್ಷ ರದ್ದಿ. ಪುಸ್ತಕ ಕೈಯಾಗ ಹಿಡದಾಗ ಅದು ಖರೇನ ಹೊಸಾದೋ, ಹೊಸಾ ರಟ್ಟು ಹಾಕ್ಕೊಂಡ ಹಳೇದೋ ಅಂತ ಐದು ನಿಮಿಷದಾಗ ಹೆಂಗ ಗೊತ್ತ ಮಾಡ್ಕೋಬೇಕು ಅನ್ನೂದನ್ನ ಬರೀತೀನಿ. ಕಾದಂಬರಿ ಹಳೇದಾದ್ರ ಯಾರಿಗೂ ತ್ರಾಸಿಲ್ಲ. ಉಕ್ಕಿನ ಕಟ್ಟಡದ ಲೆಕ್ಕ ಕಲಸೂ ಪುಸ್ತಕ ಹಳೇದಾದ್ರ ಐತಿ.

ಮೊದಲು ಶೀರ್ಷಿಕೆ ಪುಟ ಹೊಳ್ಳಿಸಿ ಅದರ ಬೆನ್ನು ನೋಡು. ಅಲ್ಲಿ ‘ಆವೃತ್ತಿ’ ಬ್ಯಾರೆ, ‘ಮರುಮುದ್ರಣ’ ಬ್ಯಾರೆ. ‘ಮರುಮುದ್ರಣ 2024’ ಅಂತ ದಪ್ಪಗ ಬರದು, ಅದರ ಮ್ಯಾಲ ಸಣ್ಣಗ ‘ಮೂರನೇ ಆವೃತ್ತಿ 2009’ ಅಂತಿದ್ರ ಒಳಗಿನ ವಿಷಯ 2009ರದ್ದ. ಭಾಳಷ್ಟು ಇಂಗ್ಲಿಷ್ ಪುಸ್ತಕದಾಗ ಅದ ಪುಟದ ಕೆಳಗ 10 9 8 7 6 5 4 3 ಅಂತ ಒಂದು ಸಾಲು ಇರ್ತೈತಿ. ಅದರಾಗಿನ ಎಲ್ಲಾಕಿಂತ ಸಣ್ಣ ಅಂಕಿ ಎಷ್ಟನೇ ಮುದ್ರಣ ಅಂತ ಹೇಳ್ತೈತಿ. 3 ಉಳದಿದ್ರ ಮೂರನೇ ಮುದ್ರಣ. ತಾಂತ್ರಿಕ ಪುಸ್ತಕದಾಗ ಇದು ಛಲೋ ಲಕ್ಷಣ, ಯಾಕಂದ್ರ ಮೊದಲನೇ ಮುದ್ರಣದ ಅಚ್ಚಿನ ತಪ್ಪು ತಿದ್ದೂದು ಸಾಮಾನ್ಯವಾಗಿ ಎರಡನೇದು, ಮೂರನೇದ್ರಾಗ.

ಡಿಸ್ಟ್ರಿಬ್ಯೂಟರಿಗೆ ಆರ್ಡರ್ ಕೊಡೂವಾಗ ಹೆಸರಷ್ಟ ಹೇಳಬ್ಯಾಡ. ಐಎಸ್‌ಬಿಎನ್, ಅಂದ್ರ ಪುಸ್ತಕದ 13 ಅಂಕಿಯ ಗುರುತಿನ ನಂಬರ್, ಬರದ ಕಳಸು. ಆವೃತ್ತಿ ಬದಲಾದ್ರ ಆ ನಂಬರೂ ಬದಲಾಗ್ತೈತಿ, ಭಾರತದ ಆವೃತ್ತಿಗೆ ಬ್ಯಾರೆ, ಹೊರದೇಶದ್ದಕ್ಕ ಬ್ಯಾರೆ. ಹೆಸರು ಹೇಳಿದ್ರ ಗೋದಾಮಿನಾಗ ಉಳದ ಹಳೇ ಆವೃತ್ತಿನ ಮೊದಲು ನಿನ್ನ ಅಂಗಡಿಗೆ ಬರೂದು.

ಆಮೇಲೆ ಒಳಗ ಹೋಗು. ಒಂದೊಂದು ವಿಷಯಕ್ಕ ಒಂದೊಂದು ಪರೀಕ್ಷೆ ಐತಿ. ಭೌತಶಾಸ್ತ್ರದ್ದಿದ್ರ ಕಿಲೋಗ್ರಾಂ ಅಂದ್ರೇನು ಅಂತ ಬರದ ಪುಟ ಹುಡುಕು. 2019ರ ಮೇ 20ರಿಂದ ಅದರ ವ್ಯಾಖ್ಯಾನ ಪ್ಲಾಂಕ್ ಸ್ಥಿರಾಂಕ ಅನ್ನೂ ನಿಸರ್ಗದ ಬದಲಾಗದ ಬೆಲೆಯ ಮ್ಯಾಲ ನಿಂತೈತಿ. ಇನ್ನೂ ಪ್ಯಾರಿಸ್ ಹತ್ತಿರ ಇಟ್ಟ ಪ್ಲಾಟಿನಂ-ಇರಿಡಿಯಂ ಲೋಹದ ಉರುಳೆಯ ಮಾತ ಇತ್ತಂದ್ರ ಪುಸ್ತಕ ತಿದ್ದಿಲ್ಲ. ರಸಾಯನದಾಗ 113, 115, 117, 118ನೇ ಮೂಲವಸ್ತುಗಳಿಗೆ ಹೆಸರು ಅದಾವೇನು ನೋಡು. 2016ರ ನವೆಂಬರದಾಗ ಇಟ್ಟಾರ. ಮಕ್ಕಳ ಖಗೋಳ ಪುಸ್ತಕದಾಗ ಪ್ಲುಟೋ ಒಂಬತ್ತನೇ ಗ್ರಹ ಅಂತಿದ್ರ ಅದು 2006ರ ಹಿಂದಿನ ಸರಕು. ಪೈಥಾನ್ ಅನ್ನೂ ಕಂಪ್ಯೂಟರ್ ಭಾಷೆ ಕಲಸೂ ಪುಸ್ತಕದಾಗ ‘ಪ್ರಿಂಟ್’ ಆದಮ್ಯಾಲ ಕಂಸ ಇಲ್ಲಂದ್ರ ಅದು ಹಳೇ ಪೈಥಾನ್ 2. ಅದಕ್ಕ ಅಧಿಕೃತ ಬೆಂಬಲ 2020ರ ಜನವರಿ 1ಕ್ಕ ಮುಗದೈತಿ. ಸಿವಿಲ್ ಹುಡುಗರಿಗಂತೂ ಇದು ಭಾಳ ಮುಖ್ಯ: ಉಕ್ಕಿನ ಕಟ್ಟಡದ ಪುಸ್ತಕ ಕಡಿಮಿ ಅಂದ್ರೂ ಭಾರತೀಯ ಮಾನಕ ಐಎಸ್ 800ರ 2007ರ ಆವೃತ್ತಿ ಹಿಡದಿರಬೇಕು. 1984ರದ್ದು ಲೆಕ್ಕದ ಪದ್ಧತಿನ ಬ್ಯಾರೆ, ಬದಲಾದದ್ದು ಬರೇ ಕೋಷ್ಟಕ ಅಲ್ಲ. ಕಾಂಕ್ರೀಟ್ ಮಿಶ್ರಣದ ಲೆಕ್ಕಕ್ಕ ಐಎಸ್ 10262, 2019ರದ್ದು. ಕೃಷಿ ಪುಸ್ತಕ ತಗದಾಗ ಕೀಟನಾಶಕದ ಅಧ್ಯಾಯ ನೋಡು. ಎಂಡೋಸಲ್ಫಾನ್ ಹೊಡೀರಿ ಅಂತ ಬರದಿದ್ರ ಮುಚ್ಚಿ ವಾಪಸ್ ಕೊಡು; 2011ರಾಗ ಸುಪ್ರೀಂ ಕೋರ್ಟ್ ಅದನ್ನ ನಿಲ್ಲಿಸೇತಿ.

ಹಂಗಂತ ಎಲ್ಲಾ ಹಳೇದು ಕೆಟ್ಟದ್ದಂತ ತಿಳೀಬ್ಯಾಡ. ಉಷ್ಣಗತಿಶಾಸ್ತ್ರ, ಕಲನಶಾಸ್ತ್ರ, ಯಂತ್ರಗಳ ಚಲನೆ, ಇವು ಮೂವತ್ತು ವರ್ಷ ನಿಂದರ್ತಾವ. ಇಂಥಾವು ಎರಡೆರಡು ಪ್ರತಿ ಕಾಯಂ ಇಡು. ಮಶೀನ್ ಲರ್ನಿಂಗ್, ಕ್ಲೌಡ್ ಅಂಥಾವು ಎರಡು ವರ್ಷಕ್ಕ ಸಪ್ಪಗಾಗ್ತಾವ. ಅವನ್ನ ಒಂದೊಂದ ಪ್ರತಿ ತರಸು, ಮಾರಿದಮ್ಯಾಲ ಮತ್ತೊಂದು.

ವಿಟಿಯು, ಅಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನಿಮ್ಮೂರಾಗ ಇರೂದ್ರಿಂದ ಕೋರ್ಸಿನ ಕೋಡ್ ಕೇಳ್ಕೋತನ ಹುಡುಗರು ಬರ್ತಾರ. ಕೋಡ್ 18ರಿಂದ ಸುರುವಾದ್ರ 2018ರ ಸ್ಕೀಮು (ಪಠ್ಯಕ್ರಮ), 21ರಿಂದ ಆದ್ರ 2021ರದ್ದು, ಇಂಗ್ಲಿಷಿನ ‘ಬಿ’ ಅಕ್ಷರದಿಂದ ಆದ್ರ 2022ರದ್ದು. ರಟ್ಟಿನ ಮ್ಯಾಲ ‘ವಿಟಿಯು ಹೊಸ ಸಿಲೆಬಸ್’ ಅಂತ ಬರದಿದ್ರ ನಂಬಬ್ಯಾಡ, ಒಳಗ ಕೋಡ್ ನೋಡು. ನನ್ನ ಕೇಳಿದ್ರ ಸಿಲೆಬಸ್ ಪುಸ್ತಕದ ಬೆನ್ನ ಹತ್ತಬ್ಯಾಡ. ಕಾಲೇಜ್ ಹತ್ತಿರದ ಅಂಗಡಿಯವರು ಅದನ್ನ ರಾಶಿ ರಾಶಿ ತರಸಿ ಕಮ್ಮಿ ಲಾಭಕ್ಕ ಮಾರ್ತಾರ. ಸ್ಕೀಮ್ ಬದಲಾದ ದಿನ ಉಳದದ್ದೆಲ್ಲಾ ಅವರ ಮೈಮ್ಯಾಲ.

ರೊಕ್ಕದ ಲೆಕ್ಕ ಹಿಂಗ. ತಾಂತ್ರಿಕ ಪುಸ್ತಕಕ್ಕ ಸಿಗೂ ಡಿಸ್ಕೌಂಟು ಕಾದಂಬರಿಗಿಂತ ಕಡಿಮಿ. 25 ಪರ್ಸೆಂಟ್ ಅಂತ ಹಿಡಿ. 700 ರೂಪಾಯಿ ಪುಸ್ತಕ ನಿನಗ 525ಕ್ಕ ಬಂತು. ಗಿರಾಕಿ 10 ಪರ್ಸೆಂಟ್ ಕಡಿಮಿ ಮಾಡ್ರಿ ಅಂದಾಗ 630ಕ್ಕ ಕೊಟ್ಟಿ, ಉಳದದ್ದು 105. ಈಗ ಐದು ಪ್ರತಿ ತರಸಿ ನಾಕು ಮಾರಿದಿ ಅಂತ ಹಿಡಿ. ಕೊಟ್ಟದ್ದು 2625, ಬಂದದ್ದು 2520. ನಾಕು ಮಾರಿನೂ 105 ರೂಪಾಯಿ ಲುಕ್ಸಾನ! ಸಾಗಾಟದ ಖರ್ಚು ಇದರಾಗಿಲ್ಲ. ಅದಕ್ಕ ವಾಪಸ್ ತಗೊಳ್ಳೂ ಕರಾರು ಇದ್ದಲ್ಲಿಂದನ ಹೊಸಾ ಪುಸ್ತಕ ತರಸು, ಕರಾರಿನ ಅವಧಿ ಬಿಲ್ಲಿನ ಮ್ಯಾಲ ಬರಸ್ಕೋ, ಅವಧಿ ಮುಗಿಯಾಕ ಹದಿನೈದು ದಿನ ಇರೂವಾಗ ಕಪಾಟು ತಿರುವಿ ಹಾಕು. ಅಂಗಡಿ ಶಿಕ್ಕಾ ಹೊಡದದ್ದು, ಕಿತ್ತಿದ್ರ ರಟ್ಟು ಹರಿಯೂ ಸ್ಟಿಕ್ಕರ್ ಹಚ್ಚಿದ್ದು ವಾಪಸ್ ಹೋಗೂದಿಲ್ಲ. ಬೆಲೆ ಪೆನ್ಸಿಲ್‌ನಾಗ ಬರಿ. ಮುದ್ರಿತ ಪುಸ್ತಕಕ್ಕ ಜಿಎಸ್‌ಟಿ ಇಲ್ಲ ಖರೆ, ಆದ್ರ ಅದ ಕಾರಣಕ್ಕ ಅಂಗಡಿ ಬಾಡಗಿ, ಕಪಾಟಿನ ಮ್ಯಾಲ ನೀ ಕಟ್ಟಿದ ಜಿಎಸ್‌ಟಿ ಹೊಳ್ಳಿ ಸಿಗೂದಿಲ್ಲ. ಪುಸ್ತಕದ ಜೋಡಿ ಎಲೆಕ್ಟ್ರಾನಿಕ್ಸ್ ಕಿಟ್ ಮಾರೂ ವಿಚಾರ ಇದ್ರ ಅದರ ತೆರಿಗಿ ಬ್ಯಾರೆ, ಬಿಲ್ಲೂ ಬ್ಯಾರೆ ಸಾಲಿನಾಗ.

ಹೊರದೇಶದ ಪುಸ್ತಕದ ಅಗ್ಗದ ಭಾರತೀಯ ಮುದ್ರಣದಾಗ ಒಂದು ಗಮ್ಮತ್ತ ಐತಿ. ಮೂಲದಾಗ ಬಣ್ಣದ ಚಿತ್ರ ಇದ್ದದ್ದು ಇಲ್ಲಿ ಕಪ್ಪು-ಬಿಳಿ. ಪಾಠದಾಗ ಮಾತ್ರ ‘ಕೆಂಪು ಗೆರೆ ನೋಡಿ’ ಅಂತ ಹಂಗ ಉಳದಿರ್ತೈತಿ, ಚಿತ್ರದಾಗ ಮೂರೂ ಗೆರೆ ಬೂದಿ. ಗಣಿತಕ್ಕ ನಡೀತೈತಿ. ಸೂಕ್ಷ್ಮದರ್ಶಕದ ಚಿತ್ರ ಇರೂ ಮೆಡಿಕಲ್ ಪುಸ್ತಕಕ್ಕ ನಡೆಯೂದಿಲ್ಲ. ಊರಾಗ ಮೆಡಿಕಲ್ ಕಾಲೇಜು ಅದಾವ, ಆ ಹುಡುಗರು ಪುಟ ತಗದು ನೋಡೇ ತಗೋತಾರ. ಕಳ್ಳ ಪ್ರತಿ ಗುರುತು ಹಿಡಿಯೂದೂ ಚಿತ್ರ ಮತ್ತ ಸೂತ್ರದಾಗನ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದಕ್ಕ ಸೂತ್ರದ ಕೆಳಗಿನ ಸಣ್ಣ ಅಕ್ಷರ ಮಸಿ ತುಂಬಿ ಮುಚ್ಚಿರ್ತಾವ, ಫೋಟೋ ಕರಿ ಮುದ್ದಿ ಆಗಿರ್ತೈತಿ, ಬೆನ್ನಿನ ಹೆಸರು ಒಂದು ಬದಿಗೆ ಸರದಿರ್ತೈತಿ. ಅಂಥಾದ್ದು ಅರ್ಧ ರೇಟಿಗೆ ಕೊಡಾಕ ಬರ್ತಾರ, ತಗೋಬ್ಯಾಡ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ.

ಕನ್ನಡದ ತಾಂತ್ರಿಕ ಪುಸ್ತಕಕ್ಕ ಬ್ಯಾರೆ ರೋಗ. ಹಳೇ ಫಾಂಟ್‌ನಾಗ ಟೈಪ್ ಮಾಡಿದ್ದನ್ನ ಯುನಿಕೋಡ್‌ಗೆ ತಿರುಗಿಸೂವಾಗ ಚಿಹ್ನೆ ಕೆಡ್ತಾವ. ಸಿಂಬಲ್ ಫಾಂಟ್‌ನಾಗ ಇಂಗ್ಲಿಷಿನ ‘ಎಮ್’ ಕೀಲಿ ಒತ್ತಿದ್ರ ಮೈಕ್ರೋ ಚಿಹ್ನೆ, ದೊಡ್ಡ ‘ಡಬ್ಲ್ಯೂ’ ಒತ್ತಿದ್ರ ಓಮ್ ಚಿಹ್ನೆ. ಫಾಂಟ್ ಹೋಯ್ತಂದ್ರ ಬರೇ ಕೀಲಿಯ ಅಕ್ಷರ ಉಳೀತೈತಿ: 50 ಮೈಕ್ರೋಮೀಟರ್ ಇದ್ದದ್ದು 50 ಮಿಲಿಮೀಟರ್, 10 ಕಿಲೋಓಮ್ ಇದ್ದದ್ದು 10 ಕಿಲೋವ್ಯಾಟ್. ಘಾತದ ಅಂಕಿ ಕೆಳಗ ಇಳದು ಹತ್ತರ ಘಾತ ಮೈನಸ್ ಆರು ‘10-6’ ಆಗಿರ್ತೈತಿ. ಅಳತಿ ಇರೂ ನಾಕು ಪುಟ ತಗದು ನೋಡು, ತಪ್ಪು ಕಂಡ್ರ ಪ್ರಕಾಶಕರಿಗೆ ಪುಟದ ನಂಬರ್ ಬರದು ಕಳಸು. ನಿಮ್ಮೂರ ಕಾರ್ಖಾನಿ ಪ್ರದೇಶ ಉದ್ಯಮಬಾಗದ ಹುಡುಗ ಆ ಪುಸ್ತಕ ನಂಬಿ ಲೇತ್ ಮುಂದ ನಿಂತ್ರ ಕೆಲಸ ಕೆಟ್ಟಂಗ.

ಉದ್ಯಮಬಾಗ ಅಂದಕೂಡ್ಲೆ ನೆನಪಾತು, ನಿನ್ನ ಖರೇ ಗಿರಾಕಿ ಅಲ್ಲಿದ್ದಾರ. ಫೌಂಡ್ರಿ (ಎರಕದ ಕಾರ್ಖಾನಿ), ಸಿಎನ್‌ಸಿ (ಕಂಪ್ಯೂಟರ್ ನಡಸೂ ಮಶೀನ್), ಹೈಡ್ರಾಲಿಕ್ಸ್ ಕೆಲಸ ಮಾಡೂ ಮಂದಿಗೆ 900 ಪುಟದ ಪಠ್ಯಪುಸ್ತಕ ಬ್ಯಾಡ. ಕಿಸೆದಾಗ ಹಿಡಿಯೂ ಕೋಷ್ಟಕದ ಪುಸ್ತಕ, ಮಶೀನ್ ಡ್ರಾಯಿಂಗ್ ಓದೂದು, ಅಂಥ ಮಶೀನಿಗೆ ಆಜ್ಞೆ ಬರಿಯೂ ಜಿ-ಕೋಡ್, ಎರಕದ ದೋಷ ಮತ್ತ ಕಾರಣ, ಇಂಥಾವು ಬೇಕು. ಪ್ಯಾಟರ್ನ್, ಅಂದ್ರ ಎರಕದ ಅಚ್ಚಿನ ಮಾದರಿ, ಮಾಡೂ ಪುಸ್ತಕ ಬಂದ್ರ ಲೋಹ ತಣ್ಣಗಾದಾಗಿನ ಕುಗ್ಗುವಿಕೆಯ ಕೋಷ್ಟಕ ನೋಡು: ಬೂದು ಬೀಡುಕಬ್ಬಿಣಕ್ಕ ಮೀಟರಿಗೆ ಸುಮಾರು 10 ಮಿಲಿಮೀಟರ್, ಉಕ್ಕಿಗೆ ಸುಮಾರು 20. ಎರಡಕ್ಕೂ ಒಂದ ಅಂಕಿ ಕೊಟ್ಟಿದ್ರ ಬರದಾಂವ ಫೌಂಡ್ರಿ ಕಂಡಿಲ್ಲ. ಮರಾಠಿಯವೂ ಒಂದಿಷ್ಟು ಇಡು, ಬೆಳಗಾವ್ಯಾಗ ಕೇಳೇ ಕೇಳ್ತಾರ. ಕಬ್ಬು, ಹನಿ ನೀರಾವರಿ, ಸವುಳು-ಜವುಳು ಮಣ್ಣಿನ ಪುಸ್ತಕಕ್ಕ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ದ್ರಾಕ್ಷಿ-ದಾಳಿಂಬರಕ್ಕ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಪ್ರಕಟಣೆ ಮೊದಲು ವಿಚಾರಸು. ಡಿಸ್ಟ್ರಿಬ್ಯೂಟರ್ ಪಟ್ಟ್ಯಾಗ ಇಂಥಾವು ಕಾಣೂದ ಅಪರೂಪ, ನೀನ ಬೆನ್ನ ಹತ್ತಬೇಕು.

ಕಪಾಟಿನ ಬಗ್ಗೆ ಬಡಿಗ್ಯಾಗ ಈಗನ ಹೇಳು. ದಪ್ಪ ತಾಂತ್ರಿಕ ಪುಸ್ತಕ ಒಂದು ಮೀಟರ್ ಸಾಲಿಗೆ ಸುಮಾರು 35 ಕಿಲೋ ತೂಗ್ತಾವ. 18 ಮಿಲಿಮೀಟರ್ ಪ್ಲೈವುಡ್ ಇದ್ರ ಆಧಾರದಿಂದ ಆಧಾರಕ್ಕ 75 ಸೆಂಟಿಮೀಟರ್ ದಾಟಬಾರದು. ಪಾರ್ಟಿಕಲ್ ಬೋರ್ಡ್ ಅಂದ್ರ ಬ್ಯಾಡ ಅನ್ನು, ಅದು ದಿನಾ ಇಷ್ಟಿಷ್ಟ ಬಾಗ್ಕೋತ ಹೋಗ್ತೈತಿ. ಗ್ವಾಡಿಯಿಂದ ನಾಕು ಬೆರಳು ಸರಸಿ ನಿಲ್ಲಸು, ಕೆಳಗಿನ ಹಲಗಿ ನೆಲದಿಂದ 15 ಸೆಂಟಿಮೀಟರ್ ಮ್ಯಾಲ. ನಿಮ್ಮೂರ ಮಳೆಗಾಲದ ಥಂಡಿಗೆ ನುಣುಪು ಲೇಪದ ಆರ್ಟ್ ಪೇಪರಿನ ಪುಸ್ತಕ ಭಾಳ ಬಲಿ. ಒಮ್ಮೆ ತೊಯ್ದು ಒಣಗಿತಂದ್ರ ಹಾಳಿಯ ಲೇಪ ಅಂಟಾಗಿ ಪುಟಕ್ಕ ಪುಟ ಹತ್ತಿ ಇಡೀ ಪುಸ್ತಕ ಒಂದು ಇಟ್ಟಂಗಿ ಆಗ್ತೈತಿ. ಹಸಿ ಇದ್ದಾಗನ ಪುಟದ ನಡುವ ಬಿಳಿ ಹಾಳಿ ಇಟ್ಟು ಬಿಡಸಬೇಕು.

ಡಿಸ್ಟ್ರಿಬ್ಯೂಟರ್ ಕಳಿಸಿದ ಹೊಸಾ ಪಟ್ಟಿ ನನಗೂ ಕಳಸು, ಐಎಸ್‌ಬಿಎನ್ ಮತ್ತ ಆವೃತ್ತಿಯ ವರ್ಷ ಇರೂದ. ಬರೇ ಹೆಸರು-ಬೆಲೆ ಇದ್ದ ಪಟ್ಟಿ ಬಂದ್ರ ಅವರಿಗೇ ಹೊಳ್ಳಿ ಕಳಿಸಿ ವರ್ಷ ಹಾಕಸ್ಕೋ.

ನಿನ್ನ ದೋಸ್ತ