ಮೆಲ್ಲಗೆ ನಡೆಸಿದವರಿಗೆ

ಶಿರಸಿ ಸೀಮೆಯ ಅಡಿಕೆ ತೋಟದಿಂದ ಹೊರಟು, ಯಾಣದ ಕಾಡು ನೋಡಿ, ಘಟ್ಟ ಇಳಿದು, ಕುಮಟಾ ಕರಾವಳಿ ಹಿಡಿದು ಗೋಕರ್ಣ ಸೇರುವ ನಮ್ಮ ನಿಧಾನ ನಡಿಗೆಯ ಈ ಹಂಗಾಮು ಮುಗಿದಿದೆ. ಬಂದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು, ಪೇಟೆಯ ಪಾರ್ಕು ಬಿಟ್ಟರೆ ಬೇರೆಲ್ಲೂ ನಡೆಯದವರು, ಎಲ್ಲರೂ ಇದ್ದರು. ಯಾರನ್ನೂ ಹೊತ್ತು ತರುವ ಪ್ರಸಂಗ ಬರಲಿಲ್ಲ. ಅದಕ್ಕೆ ಕಾರಣರಾದವರಿಗೆ ಈ ಬರಹ. ಸಹಕರಿಸಿದ ಸರ್ವರಿಗೂ ಧನ್ಯವಾದ ಎಂದು ಒಂದೇ ಉಸಿರಲ್ಲಿ ಹೇಳಿದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಯಾರಿಗೆ, ಯಾವುದಕ್ಕೆ ಎಂದು ಬಿಡಿಸಿಯೇ ಬರೆಯುತ್ತೇವೆ. ಮುಂದೆ ಈ ದಾರಿಯಲ್ಲಿ ನಡೆಯುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಅಘನಾಶಿನಿ ಊರಿಗೂ ನದಿಯ ಆಚೆ ದಡದ ತದಡಿಗೂ ನಡುವೆ ದೋಣಿ ಬಿಡುವ ಅಣ್ಣಂದಿರಿಗೆ. ದಾಟಿಸಿದ್ದಕ್ಕೆ ದುಡ್ಡು ಕೊಟ್ಟಾಗಿದೆ, ಆ ಲೆಕ್ಕ ಚುಕ್ತಾ. ಚುಕ್ತಾ ಆಗದೆ ಉಳಿದಿರುವುದು ಹಿಂದಿನ ಸಂಜೆ ಫೋನಿನಲ್ಲಿ ಅವರು ಹೇಳುತ್ತಿದ್ದ ಒಂದೆರಡು ಮಾತು: "ನಾಳೆ ಎಂಟರೊಳಗೆ ಬಂಡೆ ದಾಟಿ ಬಿಡಿ, ಆಮೇಲೆ ಹೋಗುಕೆ ಆಗೂದಿಲ್ಲ." ವನ್ನಳ್ಳಿಯಿಂದ ಬಾಡ, ಕಾಗಾಲ ಹಾದು ಅಘನಾಶಿನಿಗೆ ಬರುವ ದಾರಿಯಲ್ಲಿ ಮರಳ ದಂಡೆ ಒಂದೇ ಸಮ ಇಲ್ಲ. ನಡುನಡುವೆ ಗುಡ್ಡದ ಮೂಗು ಕಡಲಿಗೆ ಚಾಚಿಕೊಂಡಿದೆ. ನೀರು ಇಳಿದಾಗ ಬಂಡೆಯ ಬುಡದಲ್ಲೇ ಆಚೆ ಹೋಗಬಹುದು. ಏರಿದಾಗ ಅದೇ ಜಾಗದಲ್ಲಿ ಪಾಚಿಗಟ್ಟಿದ ಕಲ್ಲಿಗೆ ಅಲೆ ಬಡಿಯುತ್ತದೆ, ಗುಡ್ಡ ಹತ್ತಿ ಇಳಿಯದೆ ಗತಿಯಿಲ್ಲ. ಮಂಡಿ ನೋವಿರುವವರಿಗೆ ಆ ಒಂದು ಗುಡ್ಡ ಹತ್ತಿ ಇಳಿಯುವುದೇ ಇಡೀ ದಿನದ ಕಷ್ಟ.

ಅವರ ಲೆಕ್ಕ ತಿಥಿಯ ಮೇಲೆ ನಿಂತಿದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಮತ್ತು ಸ್ವಲ್ಪ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಏರಿಳಿತ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಉಬ್ಬರ ನಡುಹಗಲಿನ ಹೊತ್ತಿಗೆ, ಇಳಿತ ಬೆಳಗಿನ ಜಾವಕ್ಕೆ. ಅಂದರೆ ನಾವು ತಿಂಡಿ ತಿಂದು ಹೊರಡುವಾಗ ನೀರು ಆಗಲೇ ಏರುತ್ತಿರುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ ನಿಜ, ಆದರೆ ಇಳಿತ ಬರುವುದು ಸುಡುಬಿಸಿಲಿಗೆ. ನಿಧಾನ ನಡೆಯುವವರಿಗೆ ಹೇಳಿ ಮಾಡಿಸಿದ್ದು ಚೌತಿ-ಪಂಚಮಿಯ ಆಸುಪಾಸು. ಆಗ ನೀರು ಬೆಳಿಗ್ಗೆ ಎಂಟರ ಸುಮಾರಿಗೆ ತಳ ಮುಟ್ಟುತ್ತದೆ, ಹಿಂದೆ ಮುಂದೆ ಒಂದೂವರೆ ಎರಡು ತಾಸು ಸಲೀಸು. ಈ ದಾರಿಯ ನಡಿಗೆಯ ತಾರೀಖನ್ನು ಶನಿವಾರ-ಭಾನುವಾರ ನೋಡಿ ಇಡುವವರು ಈ ಮಾತನ್ನು ಗಮನಿಸಬೇಕು. ಪಂಚಾಂಗ ನೋಡಿ ತಾರೀಖು ಇಟ್ಟವರು ಗುಡ್ಡ ಹತ್ತಬೇಕಿಲ್ಲ.

ತಿಥಿ ಸರಿಯಿದ್ದರೂ ಗಾಳಿ ಕೇಳಬೇಕಲ್ಲ. ನದಿಯ ನೀರು ಹೊರಗೆ ಹರಿಯುವ ಹೊತ್ತಿನಲ್ಲಿ ಕಡಲ ಗಾಳಿ ಎದುರು ಬೀಸಿದರೆ, ನದಿ ಕಡಲು ಸೇರುವ ಅಳಿವೆಯಲ್ಲಿ ಗಿಡ್ಡ ಗಿಡ್ಡ ಅಲೆ ಏಳುತ್ತದೆ. ದೋಣಿ ಮುಳುಗುವಂಥದ್ದೇನಲ್ಲ, ಹತ್ತುವಾಗ ಇಳಿಯುವಾಗ ಕಾಲು ಜಾರುವಂಥದ್ದು. ಅಂಥ ದಿನ ಕಾಯಿಸಿ, ಒಬ್ಬೊಬ್ಬರನ್ನೇ ಮೊಣಕೈ ಹಿಡಿದು ಇಳಿಸಿದ್ದಾರೆ. ಕೈ ಹಿಡಿದು ಎಳೆದರೆ ವಯಸ್ಸಾದವರ ಭುಜ ನೋಯುತ್ತದೆ ಎಂಬುದು ಅವರಿಗೆ ಗೊತ್ತು, ನಮ್ಮ ಮಾರ್ಗದರ್ಶಿಗಳು ಅವರಿಂದಲೇ ಕಲಿತರು.

ಅಳಿವೆಯ ಕೆಸರಿನಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸುವ ಅಕ್ಕಂದಿರಿಗೆ: ಸಿಂಪಿ ಚಿಪ್ಪು ಎಲ್ಲೆಲ್ಲಿ ಅಲಗಿನ ಹಾಗೆ ಎದ್ದು ನಿಂತಿದೆ ಎಂದು ದೂರದಿಂದಲೇ ಕೂಗಿ ಎಚ್ಚರಿಸಿದ್ದೀರಿ. ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡು ಬರಿಗಾಲು ಹೊರಬರುವುದು, ಅದು ಚಿಪ್ಪಿಗೆ ಸೀಳುವುದು, ಇಲ್ಲಿ ಹೊಸಬರಿಗೆ ಆಗುವ ಮಾಮೂಲಿ ಗಾಯ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬೋರ್ಡು ಬರುವುದಕ್ಕೆ ಬಹಳ ಮುಂಚಿನಿಂದ ಇಲ್ಲಿ ಬಗ್ಗಿ ಆರಿಸುತ್ತಿರುವವರು ನೀವು. ಅಳಿವೆಯ ಅಂಚಿನ ಗಜನಿ ಗದ್ದೆಯ ರೈತರಿಗೂ ಒಂದು ಮಾತು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ನಿಮ್ಮ ಗದ್ದೆಯ ಕಟ್ಟೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಅಂಚಿನಲ್ಲಿ ಏಡಿ ಕೊರೆದು ಟೊಳ್ಳಾಗಿರುತ್ತದೆ. ನಡುವೆ, ಸಾಲಾಗಿ, ಇಬ್ಬರ ನಡುವೆ ನಾಲ್ಕು ಹೆಜ್ಜೆ ಬಿಟ್ಟು ನಡೆದರೆ ಕಟ್ಟೆಗೂ ಕಾಲಿಗೂ ಕ್ಷೇಮ. ನಡೆಯಲು ಬಿಟ್ಟದ್ದೇ ದೊಡ್ಡದು.

ಮರಳಿನ ಮೇಲೆ ನಡೆಯುವುದು ಸುಲಭ ಎಂದು ತಿಳಿದವರೇ ಹೆಚ್ಚು ದಣಿಯುತ್ತಾರೆ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಎಳೆಯುತ್ತದೆ, ಹಾಗಾಗಿ ಎಲ್ಲರೂ ನೀರಂಚಿನ ಗಟ್ಟಿ ಮರಳಿಗೆ ಹೋಗುತ್ತಾರೆ. ಅಲ್ಲಿ ಬೇರೆ ತಕರಾರು. ದಂಡೆ ಕಡಲಿನತ್ತ ಇಳಿಜಾರು, ಉತ್ತರಕ್ಕೆ ನಡೆಯುವವರ ಎಡಗಾಲು ಸದಾ ಬಲಗಾಲಿಗಿಂತ ತಗ್ಗಿನಲ್ಲಿ. ಸಂಜೆಗೆ ಸೊಂಟದ ಒಂದು ಬದಿ ಹಿಡಿದುಕೊಳ್ಳುತ್ತದೆ. ಪೂರ್ತಿ ಇಳಿತದಲ್ಲಿ ತೆರೆದುಕೊಳ್ಳುವ ಕೆಳಗಿನ ಪಟ್ಟಿ ಚಪ್ಪಟೆ, ಅದನ್ನು ಹಿಡಿದರೆ ಎರಡೂ ತೊಂದರೆ ಇಲ್ಲ. ಇದನ್ನು ತೋರಿಸಿಕೊಟ್ಟವರು ಕಾಗಾಲ ಕಡೆಯ ಮೀನುಗಾರರು. ಹಳ್ಳ ಕಡಲು ಸೇರುವಲ್ಲಿ ಬೂಟು ಬಿಚ್ಚಿ ದಾಟಿದ ಮೇಲೆ ಹಳೇ ಪಂಚೆಯ ತುಂಡಿನಿಂದ ಬೆರಳ ಸಂದು ಒಂದೊಂದನ್ನೂ ಒರೆಸಿ, ಕಾಲುಚೀಲ ಕೊಡವಿ, ಆಮೇಲೆ ಹಾಕಬೇಕು ಎಂದದ್ದೂ ಅವರೇ. ಬೊಕ್ಕೆ ಏಳುವುದು ದೂರ ನಡೆದದ್ದಕ್ಕಲ್ಲ, ಸಂದಿನಲ್ಲಿ ಉಳಿದ ಹತ್ತು ಕಣ ಮರಳಿಗೆ. ಚರ್ಮ ಬಿಸಿಯಾಗಿ ಉರಿಯತೊಡಗಿದಾಗಲೇ ಪಟ್ಟಿ ಅಂಟಿಸಿದರೆ ಬೊಕ್ಕೆ ಏಳುವುದೇ ಇಲ್ಲ. ನೋಡೋಣ ಎಂದು ಅರ್ಧ ತಾಸು ಬಿಟ್ಟರೆ ಮೂರು ದಿನ ಕುಂಟಬೇಕು.

ದಂಡೆಯಿಂದಲೇ ರಂಪಣಿ ಎಂಬ ದೊಡ್ಡ ಬಲೆ ಎಳೆಯುವ ತಂಡಗಳಿಗೆ ಕೃತಜ್ಞತೆಯ ಜೊತೆ ಕ್ಷಮೆಯನ್ನೂ ಕೇಳಬೇಕು, ನಮ್ಮವರ ಫೋಟೊ ಹುಚ್ಚಿಗೆ. ಎಳೆಯುತ್ತಿರುವ ಹಗ್ಗವನ್ನು ದಾಟಬಾರದು. ಅಲೆ ಬಂದಾಗ ಅದು ಒಮ್ಮೆಲೇ ಬಿಗಿದು ಮೊಣಕಾಲೆತ್ತರಕ್ಕೆ ಏಳುತ್ತದೆ. ಎಳೆಯುವವರ ಬೆನ್ನ ಹಿಂದೆ, ದಂಡೆಯ ಮೇಲ್ಭಾಗದಿಂದ ಬಳಸಿ ಹೋಗುವುದು ರೂಢಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಕಡಲಾಮೆ ಮೊಟ್ಟೆಯಿಡಲು ಬರುವ ಜಾಗಗಳಲ್ಲಿ ಬೇಲಿ ಕಟ್ಟಿ ಕಾಯುವ ಮೀನುಗಾರರಿಗೂ ಅರಣ್ಯ ಸಿಬ್ಬಂದಿಗೂ ವಂದನೆ. ರಾತ್ರಿ ದಂಡೆಗೆ ಟಾರ್ಚ್ ತರಬೇಡಿ ಎಂಬ ನಿಮ್ಮ ಮಾತನ್ನು ಪಾಲಿಸಿದ್ದೇವೆ.

ತದಡಿ ದಾಟಿದರೆ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಎಲ್ಲರೂ ಫೋಟೊದಲ್ಲಿ ನೋಡಿರುವ ದಾರಿ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಬೀಳುವುದು ಎಲ್ಲಿ ಎಂದಷ್ಟೇ ಹೇಳಬೇಕು: ಇಳಿಜಾರಿನಲ್ಲಿ, ಚಿರೇಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ನೆಲದ ಮೇಲೆ ಉದುರಿದ ಗುಂಡು ಹರಳಿನ ಮೇಲೆ. ಒಣ ಅಡಿಕೆ ಚೆಲ್ಲಿದ ಅಂಗಳದಲ್ಲಿ ನಡೆದಂತೆ. ಬೂಟಿನ ಅಡಿ ಎಷ್ಟೇ ಹೊಸದಿದ್ದರೂ ಹರಳು ಉರುಳಿದರೆ ಕಾಲೂ ಹೋಯಿತು. ಅಡ್ಡಡ್ಡ ತಿರುಗಿ, ಸಣ್ಣ ಹೆಜ್ಜೆಯಲ್ಲಿ, ಕೋಲನ್ನು ಕೆಳಬದಿಗೆ ಊರಿ ಇಳಿಯಬೇಕು. ಡಿಸೆಂಬರ್ ದಾಟಿದ ಮೇಲೆ ಒಣಗಿ ಮಲಗಿದ ಹುಲ್ಲು ಹರಳನ್ನು ಮುಚ್ಚಿಬಿಡುತ್ತದೆ, ಅದು ಇನ್ನೂ ಮೋಸ. ಬಂಡೆಗಳ ಮೇಲೆ ಬಾಣದ ಗುರುತು ಬಳಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಇನ್ನು ಘಟ್ಟದ ಮೇಲಿನವರು. ತೋಟದ ದಾರಿ ಬಿಟ್ಟುಕೊಟ್ಟ ಮನೆಗಳಿಗೆ ನಾವು ಕೊಟ್ಟ ಮಾತು ಎರಡೇ. ಬೇಲಿಗೆ ಬಾಗಿಲಿನಂತಿರುವ ದಣಪೆ ತೆಗೆದವರು ಹಾಕಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ. ಕೊಯ್ಲು ನಡೆಯುವಾಗ ಮರದ ಕೆಳಗೆ ನಿಲ್ಲಬಾರದು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರು ಮೇಲಿನಿಂದ ಹಗ್ಗದಲ್ಲಿ ಅಡಿಕೆ ಗೊನೆ ಇಳಿಸುವಾಗ ಕೂಗಿ ಹೇಳಿ, ನಾವು ದಾಟುವವರೆಗೆ ಕೈ ತಡೆದು ನಿಂತಿದ್ದಾರೆ. ಮರದ ತುದಿಯಲ್ಲಿ ಕಾಲು ಬಿಗಿದು ಎರಡು ನಿಮಿಷ ಸುಮ್ಮನೆ ನಿಲ್ಲುವುದು ಎಂದರೆ ಏನು ಎಂದು ನಿಂತವರಿಗೇ ಗೊತ್ತು. ಸೀಳಿದ ಅಡಿಕೆ ಮರದ ದಬ್ಬೆಯ ಕಾಲುಸಂಕಕ್ಕೆ ಕೈಹಿಡಿ ಹಗ್ಗ ಕಟ್ಟಿಕೊಟ್ಟವರಿಗೂ ಋಣಿ. ಇಬ್ಬನಿ ಬಿದ್ದ ಬೆಳಿಗ್ಗೆ ಆ ದಬ್ಬೆ ಎಣ್ಣೆ ಸವರಿದಷ್ಟು ಜಾರುತ್ತದೆ. ಒಬ್ಬರು ದಾಟಿ ನೆಲ ಮುಟ್ಟಿದ ಮೇಲೆಯೇ ಇನ್ನೊಬ್ಬರು ಹೆಜ್ಜೆ ಇಡುವುದು.

ಮನೆಯ ಅಮ್ಮಂದಿರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬೆಳಿಗ್ಗೆ ಆರಕ್ಕೆ ಹೊರಡುವವರಿಗೆ ಐದೂವರೆಗೆ ಬಿಸಿ ತೆಳ್ಳೇವು (ತೆಳು ದೋಸೆ) ಬಡಿಸಿದ್ದಾರೆ. ಇದು ಉಪಚಾರದ ಮಾತಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ನಡೆದರೆ ಸಕ್ಕರೆ ಇಳಿದು ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ಅಂಥವರ ತಟ್ಟೆಗೆ ಮೊದಲು ಬಡಿಸಿ, ಜೇಬಿಗೆ ಬೆಲ್ಲದ ತುಂಡು ಹಾಕಿ ಕಳಿಸಿದ್ದೀರಿ. ಮಧ್ಯಾಹ್ನ ಒಂದೆಲಗದ ತಂಬುಳಿ: ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಎಲೆ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದ್ದು. ಮೇಲೊಂದು ಲೋಟ ಅಪ್ಪೆಹುಳಿ, ಕುಡಿಯುವ ಹುಳಿ ಸಾರು. ಬೆವರಿನಲ್ಲಿ ಹೋದ ಉಪ್ಪೂ ನೀರೂ ಊಟದಲ್ಲೇ ವಾಪಸು ಬಂತು. ದಾರಿಗೆ ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಮುರುಗಲು (ಕೋಕಂ) ಪಾನಕ. ಪೊಟ್ಟಣದ ಓಆರ್‌ಎಸ್ ಕೂಡ ಚೀಲದಲ್ಲಿತ್ತು, ಅದು ತಲೆ ತಿರುಗಿದವರಿಗೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಕಡಿಮೆ ಮಾಡಬಾರದು. "ಆಸ್ರಿಗೆ (ಬಾಯಾರಿಕೆಗೆ) ಕುಡಿದುಕೊಂಡೇ ಹೋಗಿ" ಎಂದು ಪ್ರತಿ ಮನೆಯಲ್ಲೂ ನಿಲ್ಲಿಸಿದ್ದರಿಂದ ನಮ್ಮ ವೇಳಾಪಟ್ಟಿ ಕೆಟ್ಟದ್ದು ನಿಜ. ಮಂಡಿಗಳಿಗೆ ಅದರಿಂದ ಒಳ್ಳೆಯದೇ ಆಯಿತು.

ಯಾಣದಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎಲ್ಲರ ಕಣ್ಣು ಮೇಲೆಯೇ. ಅಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಹಾಗಾಗಿ ಅತ್ತರು, ಹೊಗೆ, ಕೂಗಾಟ ಮೂರೂ ಬೇಡ ಎಂದು ಬಾಗಿಲಲ್ಲೇ ತಡೆದು ಹೇಳಿದ ಕಾವಲಿನವರಿಗೆ ಧನ್ಯವಾದ.

ಆಶಾ ಕಾರ್ಯಕರ್ತೆಯರಿಗೆ ವಿಶೇಷವಾಗಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕಾಡಂಚಿನಲ್ಲೂ ಇದೆ. ಅದು ಹರಡುವುದು ಪ್ರಾಣಿಗಳ ಮೈಗೆ ಕಚ್ಚಿಕೊಳ್ಳುವ ಉಣುಗಿನಿಂದ, ಕಾಲ ಡಿಸೆಂಬರಿನಿಂದ ಮೇ, ಅಂದರೆ ಸರಿಯಾಗಿ ನಡಿಗೆಯ ಕಾಲ. ಯಾವ ಕಡೆ ಮಂಗ ಸತ್ತಿದೆ ಎಂಬ ಸುದ್ದಿ ನಿಮ್ಮಿಂದ ಬಂದ ದಿನವೇ ದಾರಿ ಬದಲಾಗುತ್ತಿತ್ತು. ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚುವುದು, ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಮನೆಗೆ ಬಂದಕೂಡಲೇ ಬಿಸಿನೀರ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ. ಇಷ್ಟೂ ಹೇಳಿದ ಮೇಲೂ ದರಕಿನ (ಒಣಗಿ ಉದುರಿದ ಎಲೆಯ) ಗುಡ್ಡೆ ಕಂಡರೆ ಮೆತ್ತಗಿದೆ ಎಂದು ಕೂರಲು ಹೋಗುವವರು ಇದ್ದೇ ಇರುತ್ತಾರೆ. ಕಣ್ಣಿಗೆ ಬೀಳದಷ್ಟು ಸಣ್ಣ ಉಣುಗಿನ ಮರಿ ಇರುವುದೇ ಅಲ್ಲಿ. ಉಂಬಳ (ಜಿಗಣೆ) ಮಳೆಗಾಲದ ಕಾಟ, ಕಚ್ಚಿದರೆ ರಕ್ತ ಹೋಗುತ್ತದೆ ಅಷ್ಟೆ. ಉಂಬಳಕ್ಕೆ ಕಿರುಚಿ ಉಣುಗನ್ನು ಲೆಕ್ಕಿಸದಿರುವುದು ಪೇಟೆಯವರ ಅಭ್ಯಾಸ.

2024ರ ಮಳೆಗಾಲವನ್ನು ಈ ಜಿಲ್ಲೆ ಮರೆಯುವಂತಿಲ್ಲ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ಮನೆಗಳು ಹೋದವು. ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲಾರಿ ಸಮೇತ ನೀರಿಗೆ ಬಿದ್ದ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಅಲ್ಲಿಂದೀಚೆಗೆ ನಡೆಯಲು ಬರುವವರು ಮೊದಲು ಕೇಳುವುದೇ ಗುಡ್ಡದ ಸಂಗತಿ. ಉತ್ತರ ಕೊಟ್ಟವರು ಆಯಾ ಊರಿನವರು. ಇಲ್ಲಿ ಮೇಲೆ ಚಿರೇಕಲ್ಲು, ಕೆಳಗೆ ನುಣುಪು ಜೇಡಿಯಂಥ ಶೇಡಿಮಣ್ಣು. ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ, ರಸ್ತೆಗೆಂದು ಬುಡ ಕಡಿದಿದ್ದರೆ ಮೇಲಿನದು ಅದರ ಮೇಲೆ ಜಾರುತ್ತದೆ. ನೆತ್ತಿಯಲ್ಲಿ ಹೊಸ ಬಿರುಕು, ಬುಡದಲ್ಲಿ ಹೊಸದಾಗಿ ಒಸರುವ ಕೆಂಪು ನೀರು, ವಾಲಿದ ಕಂಬ, ಇವನ್ನು ನೋಡಿದ ಕೂಡಲೇ ನಮಗೆ ತಿಳಿಸಿದ್ದೀರಿ. ನೆಟ್ಟಗೆ ಕಡಿದ ಗುಡ್ಡದ ಬುಡದಲ್ಲಿ ಈಗ ನಾವು ಒಣ ದಿನದಲ್ಲೂ ನಡೆಸುವುದಿಲ್ಲ, ವಾಹನದಲ್ಲಿ ದಾಟಿಸುತ್ತೇವೆ.

ಕೊನೆಗೆ, ಸಾಲಿನ ಹಿಂದೆ ನಡೆದ ಹುಡುಗ ಹುಡುಗಿಯರಿಗೆ. ಮುಂದೆ ಹೋಗುವ ಮಾರ್ಗದರ್ಶಿಗೆ ಚಪ್ಪಾಳೆ ಸಿಗುತ್ತದೆ. ನಡಿಗೆಯ ವೇಗ ಗೊತ್ತುಮಾಡುವವರು ಮಾತ್ರ ಹಿಂದಿನವರು. ಗಂಟೆಗೆ ಮೂರು ಕಿಲೋಮೀಟರ್ ಮೀರದ ಹಾಗೆ, ಐವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷ ಕೂರಿಸಿ, ತೀರಾ ಹಿಂದುಳಿದವರು ಬಂದು ಕುಳಿತ ಮೇಲೆಯೇ ಆ ಹತ್ತು ನಿಮಿಷ ಎಣಿಸಲು ಶುರು ಮಾಡಿದವರು ನೀವು. ಬಹಳ ಕಡೆ ಇದು ಉಲ್ಟಾ. ಮುಂದಿನವರು ದಣಿವಾರಿಸಿಕೊಂಡು, ಹಿಂದಿನವರು ಮುಟ್ಟುತ್ತಲೇ ಎದ್ದು ಹೊರಡುತ್ತಾರೆ. ಬೀಳುವವರು ಸಾಮಾನ್ಯವಾಗಿ ಹಾಗೆ ವಿಶ್ರಾಂತಿ ಸಿಗದವರೇ.

ದೋಣಿ ಹತ್ತುವಲ್ಲಿ ಮರೆತ ಟೋಪಿಗಳು, ಒಂದು ಕನ್ನಡಕ, ಉಕ್ಕಿನ ನೀರಿನ ಬಾಟಲಿ ಅಘನಾಶಿನಿ ಧಕ್ಕೆಯ ಹತ್ತಿರದ ಚಹಾ ಅಂಗಡಿಯಲ್ಲಿವೆ. ಬಿದಿರ ಕೋಲು ಒಯ್ದವರು ವಾಪಸು ಕೊಡುವುದು ಬೇಡ. ಮುಂದಿನ ನಡಿಗೆ ನವೆಂಬರಿನಲ್ಲಿ, ಚೌತಿ-ಪಂಚಮಿ ನೋಡಿ.